ಸಂಧಿವಾತದ ಸೂಜಿ, ಕ್ಷಯದ ನೆರಳು

ಸಂಧಿವಾತಕ್ಕೆ ಒಂದು ಕಾಲದಲ್ಲಿ ಚಿನ್ನ ಚುಚ್ಚುತ್ತಿದ್ದೆವು ಎಂದರೆ ಈಗಿನ ನರ್ಸಿಂಗ್ ಹುಡುಗಿಯರು ನಗುತ್ತಾರೆ. ರಿಟೈರ್ ಆದ ಸಿಸ್ಟರ್ ಏನೋ ಕಾಗೆ ಗುಬ್ಬಿ ಕಥೆ ಹೇಳುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಕಥೆಯಲ್ಲ. ಬೆಳಕು ತಾಗದಂತೆ ಇಟ್ಟ ಪುಟ್ಟ ಆಂಪೂಲ್, ಅದರೊಳಗೆ ಚಿನ್ನದ ಲವಣದ ತೆಳು ಹಳದಿ ದ್ರಾವಣ. ಬಣ್ಣ ಗಾಢವಾಗಿದ್ದರೆ ಚುಚ್ಚಬಾರದು, ಎಸೆಯಬೇಕು. ಮೊದಲ ವಾರ 10 ಮಿಲಿಗ್ರಾಂ, ತಡೆದುಕೊಂಡರೆ ಆಮೇಲೆ 25, ಆಮೇಲೆ ವಾರವಾರವೂ 50. ಒಟ್ಟು ಒಂದು ಗ್ರಾಂ ಆಗುವವರೆಗೆ ಸೊಂಟದ ಸ್ನಾಯುವಿಗೆ ಚುಚ್ಚುತ್ತಾ ಹೋಗುವುದು. ಆ ಲವಣದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಚಿನ್ನವೇ. ಅಂದರೆ ಕೋರ್ಸು ಮುಗಿಯುವ ಹೊತ್ತಿಗೆ ರೋಗಿಯ ಮೈಗೆ ಅರ್ಧ ಗ್ರಾಂ ಬಂಗಾರ ಸೇರಿರುತ್ತಿತ್ತು. ಹಾಸನದ ಕಡೆಯ ಒಬ್ಬ ಹೆಂಗಸು ಇದನ್ನು ಕೇಳಿ, "ಅಷ್ಟು ಚಿನ್ನ ಒಳಗ್ ಹಾಕೋ ಬದ್ಲು ಒಂದು ಮೂಗುಬೊಟ್ಟು ಮಾಡಿಸ್ಕೊಡಿ ಸಿಸ್ಟರಮ್ಮ, ನೋವು ನಾನೇ ತಡ್ಕೋತೀನಿ" ಅಂದಿದ್ದಳು.

ನಾನು ಚಿನ್ನ ಚುಚ್ಚಿದ್ದು ಕೆಲವೇ ಜನರಿಗೆ, ಅದೂ ಆ ಮದ್ದಿನ ಕಾಲ ಇಳಿಮುಖವಾಗಿದ್ದಾಗ. ನನ್ನ ಕೈ ಪಳಗಿದ್ದು ಕ್ಷಯದ ವಾರ್ಡಿನಲ್ಲಿ. 1980ರ ದಶಕದ ಮೊದಲ ವರ್ಷಗಳಲ್ಲಿ ಮೈಸೂರು ಕಡೆ ಕೆಲಸಕ್ಕೆ ಸೇರಿದಾಗ ಬೆಳಗಾದರೆ ಸ್ಟ್ರೆಪ್ಟೊಮೈಸಿನ್ ಪುಡಿಗೆ ನೀರು ಬೆರೆಸಿ ಸಾಲಾಗಿ ಚುಚ್ಚುವುದೇ ಉದ್ಯೋಗ. ಮೈಸೂರಿನವರಿಗೆ ಕ್ಷಯ ಎಂದರೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ನೆನಪಾಗುತ್ತದೆ. ಅರಮನೆಯನ್ನೂ ಬಿಡದ ಕಾಯಿಲೆ ಅದು. ವೃತ್ತಿಯ ಕೊನೆಯ ವರ್ಷಗಳನ್ನು ಬೆಂಗಳೂರಿನ ಒಂದು ಸಂಧಿವಾತದ ಕ್ಲಿನಿಕ್ಕಿನಲ್ಲಿ ಕಳೆದೆ. ಕ್ಷಯ ಬಿಟ್ಟು ಕೀಲಿಗೆ ಬಂದೆ ಎಂದುಕೊಂಡಿದ್ದೆ. ಈ ಸೂಜಿಗಳ ಚರಿತ್ರೆ ಓದಿಕೊಂಡಂತೆ ಗೊತ್ತಾದದ್ದು, ಆ ಎರಡು ವಾರ್ಡುಗಳ ನಡುವೆ ಗೋಡೆ ಯಾವತ್ತೂ ಇರಲಿಲ್ಲ ಎಂಬುದು.

ಮೊದಲು ಕಾಯಿಲೆಯ ವಿಷಯ. ನಮ್ಮಲ್ಲಿ ಕೀಲು ಹಿಡಿದರೆ ಎಲ್ಲದಕ್ಕೂ 'ವಾಯು' ಎಂಬ ಒಂದೇ ಹೆಸರು. ಮಂಡಿ ಸವೆದ ಮುದುಕರದ್ದೂ ವಾಯು, ಇಪ್ಪತ್ತೆಂಟರ ಬಾಣಂತಿಯ ಬೆರಳು ಊದಿಕೊಂಡದ್ದೂ ವಾಯು. ಎರಡಕ್ಕೂ ಲಕ್ಕಿ ಸೊಪ್ಪಿನ ಬಿಸಿನೀರು, ಎಣ್ಣೆ ನೀವುವುದು. ಆದರೆ ಎರಡನೆಯದು ಬೇರೆಯೇ ಜಾತಿ. ಮೈಯನ್ನು ಕಾಯಬೇಕಾದ ರಕ್ಷಣಾಶಕ್ತಿ ಕೀಲಿನ ಒಳಪೊರೆಯ ಮೇಲೇ ತಿರುಗಿಬೀಳುತ್ತದೆ. ಪೊರೆ ದಪ್ಪವಾಗಿ ಬೆಳೆದು ಮೂಳೆಯನ್ನು ಕೊರೆಯುತ್ತದೆ. ಎರಡೂ ಕೈಗಳ ಸಣ್ಣ ಗೆಣ್ಣುಗಳಲ್ಲಿ ಶುರು, ಬೆಳಗ್ಗೆ ಎದ್ದು ಗಂಟೆಯಾದರೂ ಬಿಗಿತ ಸಡಿಲುವುದಿಲ್ಲ, ಜಡೆ ಹೆಣೆಯಲಾಗದು, ರವಿಕೆಯ ಹುಕ್ಕು ಹಾಕಲಾಗದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. 1800ರಲ್ಲಿ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಲಾಂಡ್ರೆ-ಬೊವೆ ಎಂಬ ಎಳೆಯ ವೈದ್ಯ ತನ್ನ ಪ್ರಬಂಧದಲ್ಲಿ ಮೊದಲು ವಿವರಿಸಿದ್ದೂ ಒಂಬತ್ತು ಹೆಂಗಸರ ಕೀಲುಗಳನ್ನೇ. ಅವನು ಅದನ್ನು ಗೌಟ್‌ನ ಒಂದು ಬಗೆ ಎಂದುಕೊಂಡ. ಈಗ ನಾವು ಬಳಸುವ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರು ಕೊಟ್ಟದ್ದು ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್, 1859ರಲ್ಲಿ. ಹೆಸರು ಬಂತು, ಮದ್ದು ಬರಲಿಲ್ಲ.

ಮದ್ದು ಬಂದದ್ದು ಅಡ್ಡದಾರಿಯಿಂದ. ಕ್ಷಯದ ರೋಗಾಣುವನ್ನು ಕಂಡುಹಿಡಿದ ರಾಬರ್ಟ್ ಕಾಖ್ 1890ರಲ್ಲಿ, ಚಿನ್ನದ ಸಯನೈಡು ಗಾಜಿನ ಕೊಳವೆಯಲ್ಲಿ ಆ ರೋಗಾಣುವಿನ ಬೆಳವಣಿಗೆಯನ್ನು ತಡೆಯುತ್ತದೆ ಎಂದರು. ಕೊಳವೆಯಲ್ಲಿ ನಡೆದದ್ದು ಮೈಯಲ್ಲೂ ನಡೆದೀತು ಎಂದು ಜನ ಹುಚ್ಚೆದ್ದರು. 1920ರ ದಶಕದಲ್ಲಿ ಕೋಪನ್‌ಹೇಗನ್ನಿನ ಮೋಲ್‌ಗೋರ್ ಸ್ಯಾನೋಕ್ರೈಸಿನ್ ಎಂಬ ಚಿನ್ನದ ಲವಣವನ್ನು ಕ್ಷಯಕ್ಕೆ ಬಳಕೆಗೆ ತಂದರು. ಹೊತ್ತಿಗೆ ಸರಿಯಾಗಿ ಫ್ರಾನ್ಸಿನಲ್ಲಿ ಇನ್ನೊಂದು ನಂಬಿಕೆ ಬೇರೂರಿತ್ತು. ಲಿಯಾನಿನ ಸರ್ಜನ್ ಪೋನ್ಸೆ, ಕೆಲವು ಬಗೆಯ ಸಂಧಿವಾತಕ್ಕೆ ಕ್ಷಯವೇ ಮೂಲ ಎಂದು ಬಲವಾಗಿ ವಾದಿಸಿದ್ದರು. ಸಂಧಿವಾತ ಕ್ಷಯದ ತಂಗಿಯಾದರೆ ಅಕ್ಕನ ಮದ್ದು ತಂಗಿಗೂ ಆಗಬೇಕಲ್ಲ?

ಈ ಲೆಕ್ಕವನ್ನು ಕೈಗೆತ್ತಿಕೊಂಡವರು ಜಾಕ್ ಫಾರೆಸ್ಟಿಯೇ. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಎಕ್ಸ್-ಲೆ-ಬ್ಯಾಂ ಎಂಬ ಫ್ರೆಂಚ್ ಊರಿನ ವೈದ್ಯ. ಕೀಲುನೋವಿನವರು ಅಲ್ಲಿಗೆ ಸ್ನಾನಕ್ಕೆ ಬರುವುದು, ನಮ್ಮವರು ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಲು ಕೇರಳಕ್ಕೆ ಹೋಗುವ ಹಾಗೆ. ಫಾರೆಸ್ಟಿಯೇ 1920ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ರಗ್ಬಿ ತಂಡದಲ್ಲಿ ಆಡಿ ಬೆಳ್ಳಿ ಪದಕ ಗೆದ್ದವರು. ಬೆಳ್ಳಿ ಗೆದ್ದವರ ಹೆಸರು ಉಳಿದದ್ದು ಚಿನ್ನದಿಂದ! 1929ರಲ್ಲಿ ಅವರು ಚಿನ್ನದ ಚುಚ್ಚುಮದ್ದಿನ ಮೊದಲ ವರದಿ ಬರೆದರು. 1935ರ ಹೊತ್ತಿಗೆ 550 ರೋಗಿಗಳ, ಆರು ವರ್ಷಗಳ ಅನುಭವ ಅವರ ಕೈಯಲ್ಲಿತ್ತು. ಆ ಮೊದಲ ವರದಿಗೂ ಸ್ವಲ್ಪ ಮುಂಚೆ, 1927ರಲ್ಲಿ, ಮ್ಯೂನಿಕ್ಕಿನ ಲಾಂಡೆ ಕೂಡ ಚಿನ್ನ ಕೊಟ್ಟವರ ಕೀಲುನೋವು ತಗ್ಗಿದ್ದನ್ನು ಗಮನಿಸಿದ್ದರು.

ನಗು ಬರುವುದು ಇಲ್ಲಿ. ಅಮೆರಿಕದ ಮಿಷಿಗನ್‌ನಲ್ಲಿ ಆಂಬರ್‌ಸನ್ ಮತ್ತು ಸಂಗಡಿಗರು 24 ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿ, ಯಾವ ಗುಂಪಿಗೆ ಚಿನ್ನ ಎಂದು ನಾಣ್ಯ ಚಿಮ್ಮಿ ತೀರ್ಮಾನಿಸಿ, ರೋಗಿಗಳಿಗೆ ತಿಳಿಯದಂತೆ ಪರೀಕ್ಷಿಸಿದರು. 1931ರಲ್ಲಿ ಬಂದ ಫಲಿತಾಂಶ: ಚಿನ್ನದಿಂದ ಕ್ಷಯಕ್ಕೆ ಉಪಯೋಗವಿಲ್ಲ, ಅಪಾಯವೇ ಹೆಚ್ಚು. ಅಕ್ಕನಿಗೆ ಹತ್ತದ ಮದ್ದು ತಂಗಿಗೆ ಹತ್ತಿತು, ಅವರು ಅಕ್ಕತಂಗಿಯರೇ ಅಲ್ಲದಿದ್ದರೂ. ಸಂಧಿವಾತಕ್ಕೆ ಚಿನ್ನ ನಿಜಕ್ಕೂ ನಾಟುತ್ತದೆ ಎಂದು ಗ್ಲಾಸ್ಗೋದ ಫ್ರೇಸರ್ 1945ರಲ್ಲಿ ಹೋಲಿಕೆಯ ಪರೀಕ್ಷೆ ಮಾಡಿ ತೋರಿಸಿದರು. 1960ರ ಆಸುಪಾಸಿನಲ್ಲಿ ಬ್ರಿಟನ್ನಿನ ಎಂಪೈರ್ ರುಮಟಿಸಂ ಕೌನ್ಸಿಲ್ ಹಲವು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ ಅದನ್ನೇ ಹೇಳಿತು. ತಪ್ಪು ಲೆಕ್ಕದಿಂದ ಸರಿ ಉತ್ತರ ಬಂದಿತ್ತು.

ಸರಿ ಉತ್ತರ ಎಂದರೆ ಸುಲಭದ ಉತ್ತರವಲ್ಲ. ಚಿನ್ನ ಚುಚ್ಚುವ ದಿನ ನರ್ಸಿನ ಕೆಲಸ ಸೂಜಿಯಿಂದ ಶುರುವಾಗುತ್ತಿರಲಿಲ್ಲ, ಮೂತ್ರದಿಂದ. ಟೆಸ್ಟ್ ಟ್ಯೂಬಿನಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಬೆಳ್ಳಗೆ ಕದಡಿತೇ ಎಂದು ನೋಡಬೇಕು. ಕದಡಿದರೆ ಅದು ಆಲ್ಬುಮಿನ್, ಮೂತ್ರಪಿಂಡಕ್ಕೆ ಚಿನ್ನ ತಾಗಿದೆ, ಸೂಜಿ ಇಲ್ಲ. ಆಮೇಲೆ ಬಾಯಿ ತೆರೆಸಿ ಹುಣ್ಣು ಇದೆಯೇ ನೋಡುವುದು, ಮೈ ತುರಿಕೆ ಕೇಳುವುದು, ರಕ್ತದ ಕಣಗಳ ಎಣಿಕೆಯ ಚೀಟಿ ಬಂದಿದೆಯೇ ನೋಡುವುದು. ಎಲ್ಲ ಸರಿ ಇದ್ದರೆ ಚುಚ್ಚಿ, ಸ್ವಲ್ಪ ಹೊತ್ತು ಮಲಗಿಸಿಯೇ ಇಟ್ಟುಕೊಳ್ಳಬೇಕು. ಕೆಲವರಿಗೆ ಮುಖ ಕೆಂಪಾಗಿ ಬಿಪಿ ಇಳಿದುಬಿಡುತ್ತಿತ್ತು. ವರ್ಷಗಟ್ಟಲೆ ಚುಚ್ಚಿಸಿಕೊಂಡ ಕೆಲವರ ಮುಖಕ್ಕೆ ಬೂದುನೀಲಿ ಛಾಯೆ ಬರುತ್ತಿತ್ತು. ಗುಣ ಕಾಣಲು ತಿಂಗಳುಗಳೇ ಹಿಡಿಯುತ್ತಿದ್ದವು. ಇಷ್ಟಾದರೂ ಕೆಲವರಿಗೆ ಆ ಮದ್ದು ಹತ್ತಿದಷ್ಟು ಚೆನ್ನಾಗಿ ಬೇರೆ ಯಾವುದೂ ಹತ್ತಲಿಲ್ಲ.

ಚಿನ್ನದ ನಿಧಾನಕ್ಕೆ ಎದುರಾಗಿ ಬಂದದ್ದು ಕಾರ್ಟಿಸೋನಿನ ಧಾವಂತ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್‌ಗೆ 1929ರಲ್ಲಿ ಒಬ್ಬ ರೋಗಿ, ತಾನೂ ವೈದ್ಯನೇ ಆದವನು, ಕಾಮಾಲೆ ಬಂದ ಮೇಲೆ ತನ್ನ ಕೀಲುನೋವು ಮಾಯವಾಯಿತು ಎಂದ. ಬಸುರಿಯರಲ್ಲೂ ನೋವು ಇಳಿಯುವುದನ್ನು ಹೆಂಚ್ ಕಂಡರು. ನಮ್ಮ ಹಳ್ಳಿಯ ಅತ್ತೆಯಂದಿರಿಗೂ ಇದರ ಅರ್ಧ ಗೊತ್ತಿತ್ತು. ಬಸುರಿಯಾಗಿದ್ದಾಗ ಚೆನ್ನಾಗಿದ್ದ ಸೊಸೆಗೆ ಹೆರಿಗೆಯಾದ ಮೇಲೆ ಕೈ ಊದಿಕೊಂಡರೆ, "ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ಲು, ಹೇಳಿದ ಮಾತು ಕೇಳ್ಲಿಲ್ಲ" ಎಂದು ಕ್ಲಿನಿಕ್ಕಿನಲ್ಲೇ ಜಗಳ ತೆಗೆಯುತ್ತಿದ್ದರು. ಅವರು ಕಂಡದ್ದು ನಿಜ, ತಣ್ಣೀರು ಮಾತ್ರ ನಿರಪರಾಧಿ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಈ ಕಾಯಿಲೆ ಕೆರಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಎಷ್ಟು ಸೊಸೆಯಂದಿರನ್ನು ಈ ಒಂದು ಮಾತು ಹೇಳಿ ಬೈಗುಳದಿಂದ ಬಿಡಿಸಿದ್ದೇನೋ!

ಮೈಯೇ ತಯಾರಿಸುವ ಯಾವುದೋ ವಸ್ತು ನೋವನ್ನು ಇಳಿಸುತ್ತಿದೆ ಎಂದು ಹೆಂಚ್ ಇಪ್ಪತ್ತು ವರ್ಷ ಹುಡುಕಿದರು. ಅದೇ ಕ್ಲಿನಿಕ್ಕಿನ ರಸಾಯನಶಾಸ್ತ್ರಜ್ಞ ಕೆಂಡಾಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ 'ಕಾಂಪೌಂಡ್ ಇ', ಮುಂದೆ ಕಾರ್ಟಿಸೋನ್ ಎನಿಸಿಕೊಂಡದ್ದು, ಅವರ ಕಣ್ಣಿಗೆ ಬಿತ್ತು. ಮರ್ಕ್ ಕಂಪನಿ ದನಗಳ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತ ದಾಟಿಸಿ ಚೂರುಪಾರು ತಯಾರಿಸಿತ್ತು. 1948ರ ಸೆಪ್ಟೆಂಬರ್ 21ರಂದು, ಹಾಸಿಗೆ ಹಿಡಿದಿದ್ದ 29 ವರ್ಷದ ಒಬ್ಬ ಹೆಂಗಸಿಗೆ ಅದನ್ನು ಚುಚ್ಚಿದರು. ವಾರದೊಳಗೆ ಆಕೆ ಪೇಟೆಗೆ ಹೋಗಿ ಅಂಗಡಿ ಸುತ್ತಿ ಬಂದಳು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್‌ಲೆಂಡಿನ ರೈಶ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಹೆಂಚ್ ತಮ್ಮ ಪಾಲಿನ ಹಣದಲ್ಲಿ ಸ್ವಲ್ಪವನ್ನು, ಸಂಧಿವಾತದ ವಾರ್ಡು ನೋಡಿಕೊಳ್ಳುತ್ತಿದ್ದ ಸನ್ಯಾಸಿನಿ ನರ್ಸು ಸಿಸ್ಟರ್ ಪ್ಯಾಂಟೇಲಿಯನ್‌ಗೆ ರೋಮ್ ಯಾತ್ರೆಗೆಂದು ಕೊಟ್ಟರು. ವೈದ್ಯಚರಿತ್ರೆಯಲ್ಲಿ ನರ್ಸಿನ ಹೆಸರು ಸಿಗುವುದೇ ಅಪರೂಪ, ಹಾಗಾಗಿ ನಾನಿದನ್ನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಪವಾಡ ಹೆಚ್ಚು ದಿನ ಬಾಳಲಿಲ್ಲ. ಮುಖ ದುಂಡಗಾಯಿತು, ಮೂಳೆ ಟೊಳ್ಳಾಯಿತು, ಸಕ್ಕರೆ ಏರಿತು, ನಿಲ್ಲಿಸಿದರೆ ನೋವು ಬಡ್ಡಿ ಸಮೇತ ಬಂತು. ಒಂದೇ ಕೀಲಿಗೆ ನೇರವಾಗಿ ಚುಚ್ಚುವ ವಿಧಾನವನ್ನು ಫಿಲಡೆಲ್ಫಿಯಾದ ಹಾಲಂಡರ್ 1951ರಲ್ಲಿ ಪ್ರಕಟಿಸಿದರು. ಅದು ಇವತ್ತಿಗೂ ನಡೆಯುತ್ತಿದೆ, ಒಳ್ಳೆಯದೂ ಹೌದು. ಆದರೆ ನಮ್ಮೂರುಗಳಿಗೆ ಕಾರ್ಟಿಸೋನಿನ ಜಾತಿಯ ಸ್ಟೀರಾಯ್ಡ್ ಬಂದದ್ದು ಬೇರೆ ವೇಷದಲ್ಲಿ. 'ವಾರದ ಸೂಜಿ' ಹಾಕುವ ಬೈಕಿನ ಡಾಕ್ಟರು, ಹೆಸರಿಲ್ಲದ ಕಪ್ಪು ಪುಡಿಯ ಪೊಟ್ಟಣ. ವರ್ಷಗಟ್ಟಲೆ ಅದನ್ನೇ ನಂಬಿ, ಚರ್ಮ ಕಾಗದದಷ್ಟು ತೆಳುವಾಗಿ, ಸೊಂಟದ ಮೂಳೆ ಕುಸಿದು ಬಂದವರನ್ನು ಕಂಡಾಗ ಬರುತ್ತಿದ್ದ ಸಿಟ್ಟು ಈಗಲೂ ಇಳಿದಿಲ್ಲ. ಸ್ಟೀರಾಯ್ಡ್ ಅಡಿಯಲ್ಲಿ ಮಲಗಿದ್ದ ಕ್ಷಯ ಎದ್ದು ಕೂತವರೂ ಅವರಲ್ಲಿದ್ದರು.

ಇನ್ನು ಮೆಥೊಟ್ರೆಕ್ಸೇಟ್. ನನ್ನನ್ನು ಕೇಳಿದರೆ ಈ ಇಡೀ ಚರಿತ್ರೆಯ ನಾಯಕ ಇದೇ, ಮತ್ತು ಇದರ ಬೇರು ನಮ್ಮ ನೆಲದಲ್ಲೂ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದು, ಬಟ್ಟೆ ಗಿರಣಿಯ ಬಸುರಿ ಹೆಂಗಸರ ರಕ್ತಹೀನತೆಯ ಬೆನ್ನು ಹತ್ತಿದರು. ಯೀಸ್ಟಿನ ಸಾರದಲ್ಲಿ ಅದನ್ನು ಗುಣಪಡಿಸುವ ಏನೋ ಇದೆ ಎಂದು ತೋರಿಸಿದರು. ಅದೇ ಫೋಲಿಕ್ ಆಸಿಡ್ ಎಂದು ಆಮೇಲೆ ತಿಳಿಯಿತು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು ನ್ಯೂಯಾರ್ಕ್ ರಾಜ್ಯದ ಲೆಡರ್ಲೆ ಕಂಪನಿಯಲ್ಲಿ ಆಂಧ್ರದ ಭೀಮಾವರಂನ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅದೇ ತಂಡ ಫೋಲಿಕ್ ಆಸಿಡ್ಡಿನ ವೇಷ ಹಾಕಿ ಅದರ ಕೆಲಸ ಕೆಡಿಸುವ ಅಮಿನಾಪ್ಟೆರಿನ್, ಮೆಥೊಟ್ರೆಕ್ಸೇಟ್‌ಗಳನ್ನೂ ಕೊಟ್ಟಿತು. ಬೋಸ್ಟನ್ನಿನ ಸಿಡ್ನಿ ಫಾರ್ಬರ್ 1947ರ ಕೊನೆಯಲ್ಲಿ ಅಮಿನಾಪ್ಟೆರಿನ್ನನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಡತೊಡಗಿದರು. ಸುಬ್ಬರಾವ್ 1948ರ ಆಗಸ್ಟಿನಲ್ಲಿ, ಐವತ್ತಮೂರನೆಯ ವಯಸ್ಸಿಗೆ ತೀರಿಕೊಂಡರು. ನಮ್ಮ ಕರಾವಳಿಯಲ್ಲಿ ಆನೆಕಾಲು ರೋಗಕ್ಕೆ ನುಂಗಿಸುವ ಡಿಇಸಿ ಮಾತ್ರೆಯೂ ಅವರ ಪ್ರಯೋಗಾಲಯದ್ದೇ. 1995ರಲ್ಲಿ ಅಂಚೆ ಇಲಾಖೆ ಅವರ ಚೀಟಿ ಹೊರಡಿಸಿತು, ಅಷ್ಟೇ. ಬೀದಿಗೊಂದು ಪ್ರತಿಮೆ ನಿಲ್ಲಿಸುವ ದೇಶದಲ್ಲಿ ಈ ಮನುಷ್ಯನ ಹೆಸರು ಅವರ ಮದ್ದು ನುಂಗುವವರಿಗೂ ಗೊತ್ತಿಲ್ಲ.

1951ರಲ್ಲಿ ನ್ಯೂಯಾರ್ಕಿನ ಗುಬ್ನರ್ ಅಮಿನಾಪ್ಟೆರಿನ್ ಕೀಲುಗಳನ್ನೂ ತಣಿಸುತ್ತದೆ ಎಂದು ಬರೆದರು. ಯಾರೂ ಕಿವಿಗೊಡಲಿಲ್ಲ, ಊರೆಲ್ಲ ಕಾರ್ಟಿಸೋನ್ ಜಾತ್ರೆ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಎಂಬ ಊರಲ್ಲಿ ಪ್ರಾಕ್ಟೀಸು ಮಾಡುತ್ತಿದ್ದ ಹಾಫ್‌ಮೈಸ್ಟರ್ 1972ರಲ್ಲಿ 29 ರೋಗಿಗಳ ಬಗ್ಗೆ ಬರೆದರು. ವಾರಕ್ಕೊಮ್ಮೆ, ಸ್ನಾಯುವಿಗೆ ಚುಚ್ಚಿದ ಮೆಥೊಟ್ರೆಕ್ಸೇಟ್. ದೊಡ್ಡ ಆಸ್ಪತ್ರೆಗಳು ಎಚ್ಚೆತ್ತದ್ದು ಇನ್ನೂ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ. ಬೋಸ್ಟನ್ನಿನ ವೈನ್‌ಬ್ಲಾಟ್ ಅವರ ಪರೀಕ್ಷೆ 1985ರಲ್ಲಿ ಬಂತು, ಅಮೆರಿಕದ ಒಪ್ಪಿಗೆ 1988ರಲ್ಲಿ. ಚಿನ್ನದ ಅಂಗಡಿ ಮುಚ್ಚುತ್ತಾ ಬಂದದ್ದು ಇದರಿಂದಲೇ.

ಈ ಮದ್ದಿನ ಜೀವ ಇರುವುದು 'ವಾರಕ್ಕೊಮ್ಮೆ' ಎಂಬುದರಲ್ಲಿ. ತಪ್ಪಿ ದಿನಾ ತೆಗೆದುಕೊಂಡರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಬತ್ತಿ, ಪ್ರಾಣಕ್ಕೇ ಕುತ್ತು. ಅಕ್ಷರ ಬಾರದವರಿಗೆ ಇದನ್ನು ಹೇಗೆ ಮನಸ್ಸಿಗೆ ಇಳಿಸುವುದು? ನಾನು ಕೇಳುತ್ತಿದ್ದೆ: "ನಿಮ್ಮೂರ ಸಂತೆ ಯಾವ ದಿನ ಅಕ್ಕ?" ಮಂಗಳವಾರ ಎಂದರೆ ಮಂಗಳವಾರ, ಶುಕ್ರವಾರ ಎಂದರೆ ಶುಕ್ರವಾರ. ಸಂತೆ ದಿನ ಹಳದಿ ಮದ್ದು, ಬೇರೆ ದಿನ ಫೋಲಿಕ್ ಆಸಿಡ್ ಮಾತ್ರೆ. ಸಂತೆಯನ್ನು ಯಾರೂ ವಾರಕ್ಕೆ ಎರಡು ಸಲ ಮಾಡುವುದಿಲ್ಲ. ಮೆಥೊಟ್ರೆಕ್ಸೇಟ್ ಮಾತ್ರೆಯ ಪ್ರಮಾಣ ಏರಿದಂತೆ ಹೊಟ್ಟೆ ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ, ವಾಕರಿಕೆ ಬೇರೆ. ಅಂಥವರಿಗೆ ಚರ್ಮದಡಿ ಚುಚ್ಚುವ ಸೂಜಿ. ಅದನ್ನು ತಾವೇ ಹಾಕಿಕೊಳ್ಳಲು ಕಲಿಸುತ್ತಿದ್ದೆ: ಹೊಟ್ಟೆಯ ಮಡಿಕೆ ಹಿಡಿ, ಚುಚ್ಚು, ಉಜ್ಜಬೇಡ. ಬಸುರಾಗುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳು. ಗಂಡಸರಿಗಾದರೆ, ಕುಡಿತ ಬಿಡು.

ಮೆಥೊಟ್ರೆಕ್ಸೇಟಿಗೂ ಬಗ್ಗದವರಿಗೆ ಬಂದದ್ದು ಈಗ ಬಯಾಲಜಿಕ್ ಎನ್ನುವ ಜೀವಕೋಶಗಳಲ್ಲಿ ತಯಾರಿಸುವ ಮದ್ದುಗಳು. ಇಲ್ಲಿ ಲಂಡನ್ನಿನ ಕೆನಡಿ ಇನ್‌ಸ್ಟಿಟ್ಯೂಟಿನ ಮಾರ್ಕ್ ಫೆಲ್ಡ್‌ಮನ್ ಮತ್ತು ರವಿಂದರ್ ಮೈನಿ ಅವರ ಹೆಸರು ಮುಂದೆ ಬರುತ್ತದೆ. ಮೈನಿ ಹುಟ್ಟಿದ್ದು ಪಂಜಾಬಿನ ಲೂಧಿಯಾನದಲ್ಲಿ. ಕೀಲಿನಲ್ಲಿ ಉರಿಯೂತ ಹೊತ್ತಿಸುವ ಹಲವು ರಾಸಾಯನಿಕಗಳಲ್ಲಿ ಟಿಎನ್‌ಎಫ್ ಎಂಬ ಒಂದನ್ನು ಕಟ್ಟಿಹಾಕಿದರೆ ಉಳಿದವೂ ತಣ್ಣಗಾಗುತ್ತವೆ ಎಂದು ಅವರ ತಂಡ ಕಂಡುಕೊಂಡಿತು. ಅದನ್ನು ಹಿಡಿಯುವ ಆಂಟಿಬಾಡಿ ಅಮೆರಿಕದ ಸೆಂಟೊಕಾರ್ ಕಂಪನಿಯ ಹತ್ತಿರ ಇತ್ತು. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮೊದಲ ರೋಗಿಗಳ ರಕ್ತನಾಳಕ್ಕೆ ಅದನ್ನು ಹರಿಸಿದರು. 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೆಚ್ಚಿನ ಪ್ರಮಾಣ ಪಡೆದ 24 ಜನರಲ್ಲಿ 19 ಮಂದಿ ನಾಲ್ಕು ವಾರದಲ್ಲಿ ಸುಧಾರಿಸಿದ್ದರು. ಸುಮ್ಮನೆ ನೀರು ಹರಿಸಿಕೊಂಡಂತಿದ್ದ 24 ಜನರಲ್ಲಿ ಇಬ್ಬರು. 1998ರಲ್ಲಿ ಎಟನರ್ಸೆಪ್ಟ್, 1999ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್, 2002ರ ಕಡೆಯ ದಿನ ಅಡಾಲಿಮುಮ್ಯಾಬ್ ಅಮೆರಿಕದಲ್ಲಿ ಸಂಧಿವಾತಕ್ಕೆ ಒಪ್ಪಿಗೆ ಪಡೆದವು.

2001ರಲ್ಲಿ ಕ್ಷಯ ಮತ್ತೆ ಹಾಜರಾಯಿತು. ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡವರಲ್ಲಿ 70 ಕ್ಷಯದ ಪ್ರಕರಣಗಳು ಎಂದು ಅಮೆರಿಕದಿಂದ ವರದಿ ಬಂತು. ಬಹಳ ಜನರಿಗೆ ಕೆಲವೇ ವಾರಗಳಲ್ಲಿ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಶ್ವಾಸಕೋಶದ ಹೊರಗೆ. ಕಾರಣ ಹೀಗೆ: ಹಿಂದೆಂದೋ ಒಳಹೊಕ್ಕ ರೋಗಾಣುಗಳನ್ನು ಮೈ ಕೊಲ್ಲಲಾಗದೆ ಸುತ್ತ ಜೀವಕೋಶಗಳ ಬೇಲಿ ಕಟ್ಟಿ ಕೂಡಿಹಾಕಿರುತ್ತದೆ. ಆ ಬೇಲಿ ನಿಲ್ಲಲು ಬೇಕಾದದ್ದೂ ಅದೇ ಟಿಎನ್‌ಎಫ್. ಕೀಲಿಗಾಗಿ ಅದನ್ನು ಕಿತ್ತರೆ ಬೇಲಿಯೂ ಸಡಿಲ. ಕ್ಷಯದ ಮದ್ದೆಂದು ಶುರುವಾದ ಸಂಧಿವಾತದ ಸೂಜಿ, ಎಪ್ಪತ್ತು ವರ್ಷ ಕಳೆದು ಕ್ಷಯವನ್ನೇ ಎಬ್ಬಿಸುವ ಸೂಜಿಯಾಗಿತ್ತು. ಫಾರೆಸ್ಟಿಯೇ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ.

ಯೂರೋಪಿನವರಿಗೆ ಇದು ಎಚ್ಚರಿಕೆಯ ಒಂದು ಸಾಲು. ವಯಸ್ಕರಲ್ಲಿ ಸುಮಾರು ಮೂವರಲ್ಲೊಬ್ಬರ ಮೈಯಲ್ಲಿ ಕ್ಷಯದ ಸೋಂಕು ಮಲಗಿರುವ ನಮಗೆ ಇದೇ ಮೊದಲ ಪ್ರಶ್ನೆ. ಹಾಗಾಗಿ ಬಯಾಲಜಿಕ್ ಬರೆದ ಚೀಟಿ ಹಿಡಿದು ಬಂದವರಿಗೆ ನಾನು ಮೊದಲು ಹಾಕುತ್ತಿದ್ದದ್ದು ಬೇರೆ ಸೂಜಿ, ಮಲಗಿದ ಕ್ಷಯವನ್ನು ಪತ್ತೆ ಹಚ್ಚುವ ಮಾಂಟೂ. ಮುಂಗೈ ಒಳಭಾಗದ ಚರ್ಮದ ಪದರದಲ್ಲೇ 0.1 ಮಿಲಿಲೀಟರ್, ಪುಟ್ಟ ಗುಳ್ಳೆ ಏಳಬೇಕು. ಎರಡು ಮೂರು ದಿನ ಬಿಟ್ಟು ಅಳೆಯುವಾಗ ಕೆಂಪನ್ನಲ್ಲ, ಗಟ್ಟಿಯಾದದ್ದನ್ನು ಅಳೆಯಬೇಕು. ಎಲ್ಲರ ವಿಷಯದಲ್ಲಿ 10 ಮಿಲಿಮೀಟರ್ ನೋಡುವ ಕಡೆ ಇವರಿಗೆ 5 ಸಾಕು. ದೂರದಿಂದ ಬಂದವರಿಗೆ "ಮೂರನೇ ದಿನ ಬನ್ನಿ" ಎಂದರೆ ಬಸ್ಸಿನ ಖರ್ಚು, ಕೂಲಿಯ ನಷ್ಟ. ಸ್ಟೀರಾಯ್ಡ್ ನುಂಗುತ್ತಿರುವವರ ತೋಳು ಸೋಂಕಿದ್ದರೂ ಸುಳ್ಳು ಹೇಳಬಹುದು. ಆದ್ದರಿಂದ ಎದೆಯ ಎಕ್ಸ್‌ರೇ, ಕೆಲವರಿಗೆ ರಕ್ತ ಪರೀಕ್ಷೆ. ಸೋಂಕು ಕಂಡರೆ ಕ್ಷಯ ತಡೆಯುವ ಮಾತ್ರೆ ಶುರು ಮಾಡಿ, ಸುಮಾರು ಒಂದು ತಿಂಗಳಾದ ಮೇಲೆ ಕೀಲಿನ ಸೂಜಿ. ಕ್ಷಯದ ವಾರ್ಡಿನಲ್ಲಿ ಕಲಿತ ಬೆರಳಿನ ಹದ ನನಗೆ ಮತ್ತೆ ಅನ್ನ ಹಾಕಿದ್ದು ಹೀಗೆ.

ಬೆಲೆಯ ಮಾತು ಬಿಟ್ಟರೆ ಆಗದು. ಅಡಾಲಿಮುಮ್ಯಾಬ್ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ. ಹೊರದೇಶದ ಚುಚ್ಚುಮದ್ದಿನ ಪೆನ್ನಿನ ಬೆಲೆ ಕೇಳಿ ಚೀಟಿ ಮಡಚಿಕೊಂಡು ಹೋದವರೇ ಹೆಚ್ಚು. 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಅದರ ದೇಶೀ ರೂಪವನ್ನು ಬಿಡುಗಡೆ ಮಾಡಿತು, ಜಗತ್ತಿನಲ್ಲೇ ಮೊದಲು. ಪೇಟೆಂಟುಗಳ ಕೋಟೆ ಕಟ್ಟಿದ್ದ ಅಮೆರಿಕದಲ್ಲಿ ಇಂಥ ಅಗ್ಗದ ರೂಪಗಳು ಮಾರುಕಟ್ಟೆಗೆ ಇಳಿಯಲು 2023ರವರೆಗೆ ಕಾಯಬೇಕಾಯಿತು. ಆ ವರ್ಷದ ಜುಲೈನಲ್ಲಿ ಅಲ್ಲಿ ಮಾರಲು ಹೋದವರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸೂ ಒಂದು. ಬೆಲೆ ಇಳಿದರೂ ನಮ್ಮ ಕೂಲಿಯವರ ಕೈಗೆ ಎಟುಕುವಷ್ಟು ಇಳಿದಿಲ್ಲ. ಸಾಲದ್ದಕ್ಕೆ ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಬಾರದು. ದಿನಕ್ಕೆ ಆರೇಳು ಗಂಟೆ ಕರೆಂಟು ಹೋಗುವ ಊರಿನವರು ತಾಲ್ಲೂಕಿನ ಮೆಡಿಕಲ್ ಶಾಪಿನ ಫ್ರಿಜ್ಜಿನಲ್ಲಿ ತಮ್ಮ ಡಬ್ಬಿ ಇಡಿಸಿಕೊಂಡು, ಸೂಜಿಯ ದಿನ ಹೋಗಿ ತರುತ್ತಿದ್ದರು.

ಈಗ ಟೊಫಾಸಿಟಿನಿಬ್‌ನಂಥ ಮಾತ್ರೆಗಳು ಬಂದಿವೆ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯಾದದ್ದು, ಈಗ ನಮ್ಮಲ್ಲಿ ಹಲವು ಕಂಪನಿಗಳ ಹೆಸರಿನಲ್ಲಿ ಸಿಗುತ್ತದೆ. ಫ್ರಿಜ್ಜು ಬೇಡ, ಸೂಜಿ ಬೇಡ. ನಾನು ನಿವೃತ್ತಳಾಗುವ ಮುಂಚೆ ಆ ಮಾತ್ರೆಯ ಚೀಟಿ ಹಿಡಿದು ಬಂದ ಒಬ್ಬರು ಮಾಂಟೂ ಸಿರಿಂಜು ನೋಡಿ ಮುಖ ಹುಳ್ಳಗೆ ಮಾಡಿದರು: "ಮಾತ್ರೆ ಅಂದ್ರಲ್ಲ ಡಾಕ್ಟ್ರು, ಇದ್ಯಾಕೆ ಮತ್ತೆ ಸಿಸ್ಟರಮ್ಮ?" ಈ ಮಾತ್ರೆಗೂ ಅದೇ ಕ್ಷಯದ ಭಯ ಇದೆ ತಾಯಿ, ತೋಳು ಚಾಚಿ ಅಂದೆ.